ದೀವಟಿಗೆ ಹವಳದ ಅರ್ಧ ಮಾತು

ಇದು ನಡೆದದ್ದು ಹೋದ ವರ್ಷ, ಆಷಾಢ ಕಳೆದು ಶ್ರಾವಣ ಹಿಡಿದ ದಿನಗಳಲ್ಲಿ.

ತುಮಕೂರಿನ ಒಂದು ಮನೆ. ಆ ಮನೆಯ ಪಡಸಾಲೆಯಲ್ಲಿ, ಗೋಡೆಗೆ ಒತ್ತಿಕೊಂಡು, ಒಂದು ಗಾಜಿನ ತೊಟ್ಟಿ. ತೊಟ್ಟಿಯಲ್ಲಿದ್ದದ್ದು ಉಪ್ಪುನೀರು. ತುಮಕೂರಿಗೂ ಸಮುದ್ರಕ್ಕೂ ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಆದರೂ ಆ ತೊಟ್ಟಿಯೊಳಗೆ ಒಂದು ಪುಟ್ಟ ಸಮುದ್ರವಿತ್ತು, ಮಕ್ಕಳೇ. ತಳದಲ್ಲಿ ಬಿಳಿ ಮರಳು. ಮರಳಿನ ಮೇಲೆ ಬಂಡೆಗಳ ಗುಡ್ಡ. ಒಂದು ಮೂಲೆಯಲ್ಲಿ ನೀರನ್ನು ಬೆಚ್ಚಗಿಡುವ ಕೊಳವೆ, ಇನ್ನೊಂದು ಮೂಲೆಯಲ್ಲಿ ಅಲೆ ಎಬ್ಬಿಸುವ ಯಂತ್ರ. ಮೇಲೆ ದೀಪ, ಹಗಲು ಬೆಳ್ಳಗೆ, ಸಂಜೆ ನೀಲಿ.

ಆ ತೊಟ್ಟಿಯ ಯಜಮಾನಿ ಕಿತ್ತಳಕ್ಕ. ಕಿತ್ತಳೆ ಬಣ್ಣದ ಮೈ, ಅದರ ಮೇಲೆ ಬಿಳಿ ಪಟ್ಟೆ, ಹೆಬ್ಬೆರಳಿನಷ್ಟು ಉದ್ದ. ಜಾತಿಯಲ್ಲಿ ಕೋಡಂಗಿ ಮೀನು. ಅವಳ ಗಂಡ ಗಿಡ್ಡಣ್ಣ ಅವಳ ಅರ್ಧದಷ್ಟಿದ್ದ. ಕೋಡಂಗಿ ಮೀನುಗಳಲ್ಲಿ ಹೆಂಡತಿಯೇ ದೊಡ್ಡವಳು. ಮನೆಯಲ್ಲಿ ನಡೆಯುವುದೂ ಅವಳ ಮಾತೇ. ಇದರಿಂದ ಗಿಡ್ಡಣ್ಣನಿಗೆ ಬೇಸರವೇನಿರಲಿಲ್ಲ. ಒಬ್ಬರು ಹೇಳಬೇಕು, ಒಬ್ಬರು ಕೇಳಬೇಕು, ಎರಡರಲ್ಲಿ ಕೇಳುವ ಕೆಲಸವೇ ಹಗುರ ಎಂದು ಅವನು ನಂಬಿದ್ದ.

ಗಾಜಿನ ಮೇಲೆ ಬಸವಜ್ಜನ ವಾಸ. ಅವನೊಬ್ಬ ಮುದಿ ಬಸವನಹುಳು. ಗಾಜಿಗೆ ಹತ್ತಿದ ಪಾಚಿಯನ್ನು ನೆಕ್ಕುತ್ತಾ ಈ ಕೊನೆಯಿಂದ ಆ ಕೊನೆಗೆ ಹೋಗುವುದರಲ್ಲಿ ಅವನಿಗೆ ಸಂಜೆಯಾಗುತ್ತಿತ್ತು.

ಬಂಡೆಯ ಪೊಟರೆಯಲ್ಲಿ ಇದ್ದವನು ಮೀಸೆರಾಯ. ಕೆಂಪು ಬೆನ್ನು, ಬೆನ್ನ ಮೇಲೆ ಬಿಳಿ ಗೆರೆ, ಮೈಗಿಂತ ಉದ್ದದ ಬಿಳಿ ಮೀಸೆಗಳು. ಅವನು ಸೀಗಡಿ. ಮೀನುಗಳ ಹಲ್ಲು, ಕಿವಿರು ಸ್ವಚ್ಛ ಮಾಡುವುದು ಅವನ ಕಸುಬು. ಕ್ಷೌರದಂಗಡಿಯಲ್ಲಿ ಆಗುವಂತೆ ಕೈ ಕೆಲಸ ಮಾಡುವಾಗ ಬಾಯಿ ಸುಮ್ಮನಿರುತ್ತಿರಲಿಲ್ಲ. ಎಲ್ಲರ ಮನೆಯ ಸುದ್ದಿಯೂ ಅವನಿಗೆ ಗೊತ್ತು. ಮಾತು ಎಲ್ಲಿಂದ ಶುರುವಾದರೂ "ನಾನು ಸಮುದ್ರದಲ್ಲಿ ಹುಟ್ಟಿದವನು" ಎಂಬಲ್ಲಿಗೆ ಬಂದು ನಿಲ್ಲುತ್ತಿತ್ತು. ಉಳಿದವರೆಲ್ಲ ತೊಟ್ಟಿಯಲ್ಲೇ ಹುಟ್ಟಿದವರು. ಹಾಗಾಗಿ ಆ ಮಾತಿಗೆ ತೂಕವಿತ್ತು.

ಇವರೆಲ್ಲರಿಗೂ ಊಟ ಹಾಕುವುದು ಮೇಲಿನ ಕೈ. ಆ ಕೈಯ ಮಣಿಕಟ್ಟಿನಲ್ಲಿ ಒಂದು ಸ್ಟೀಲಿನ ಬಳೆ. ಕೈಯ ಹಿಂದೆ ಯಾರಿದ್ದಾರೆ ಎಂದು ತೊಟ್ಟಿಯವರು ಯೋಚಿಸಿದವರಲ್ಲ. ಕೈ ಸಂಜೆ ಬರುತ್ತದೆ, ಚಿಟಿಕೆ ಊಟ ಉದುರಿಸುತ್ತದೆ, ಹೋಗುತ್ತದೆ. ಕೆಲವೊಮ್ಮೆ ಗಾಜಿನಾಚೆಯಿಂದ ಒಂದು ಹೆಣ್ಣುದನಿ ಕೇಳುತ್ತದೆ. ಅಷ್ಟು ಸಾಕಾಗಿತ್ತು.

ಕಿತ್ತಳಕ್ಕನಿಗೆ ಮಾತ್ರ ಒಂದು ಸಾಕಾಗಿರಲಿಲ್ಲ. ಅವಳಿಗೆ ಮನೆಯಿರಲಿಲ್ಲ. ನಮ್ಮ ಜಾತಿಯವರ ಮನೆ ಎಂದರೆ ಬೆರಳುಗಳಿರುವ ಹೂವು, ಅಲೆ ಬಂದಾಗ ಅದು ತೂಗುತ್ತದೆ, ಅದರೊಳಗೆ ಮಲಗಿದವರನ್ನು ಯಾರೂ ಮುಟ್ಟುವಂತಿಲ್ಲ ಎಂದು ಅವಳ ತಾಯಿ ಹೇಳಿದ್ದಳು. ತಾಯಿಯೂ ಅದನ್ನು ಕಂಡವಳಲ್ಲ. ಅವಳಿಗೆ ಅವಳ ತಾಯಿ ಹೇಳಿದ್ದು. ಕಿತ್ತಳಕ್ಕ ಬಿಸಿ ಕೊಳವೆಯ ಪಕ್ಕದಲ್ಲಿ ಮಲಗುತ್ತಿದ್ದಳು. ಒರಗಿದರೆ ಮೈ ಸುಡುತ್ತಿತ್ತು, ಸರಿದರೆ ಅಲೆ ತಳ್ಳುತ್ತಿತ್ತು.

ಇನ್ನೊಂದು ವಿಷಯ ಹೇಳಬೇಕು. ಕಿತ್ತಳಕ್ಕನ ಹಟ ಉಡದ ಪಟ್ಟು. ಒಮ್ಮೆ ತನ್ನ ಜಾಗಕ್ಕೆ ಉರುಳಿ ಬಂದ ಒಂದು ಖಾಲಿ ಚಿಪ್ಪನ್ನು, ತನಗಿಂತ ದೊಡ್ಡದನ್ನು, ಮೂತಿಯಿಂದ ನೂಕಿ ನೂಕಿ ತೊಟ್ಟಿಯ ಇನ್ನೊಂದು ತುದಿಗೆ ಮುಟ್ಟಿಸಿದ್ದಳು. ಮೂತಿಯ ಬಣ್ಣ ಹೋದರೂ ನಿಲ್ಲಿಸಿರಲಿಲ್ಲ.

ಅಂಥವಳ ಎದುರಿಗೆ ಒಂದು ಬೆಳಿಗ್ಗೆ ಮೇಲಿನ ಕೈ ಒಂದು ಹವಳವನ್ನು ತಂದು, ಬಂಡೆಯ ನಡುಮಟ್ಟದಲ್ಲಿ ಕೂರಿಸಿತು.

ಹವಳದ ಕಾಂಡ ಕಲ್ಲು. ಕಾಂಡ ಕವಲೊಡೆದು ಮೂರು ತುದಿಗಳಾಗಿತ್ತು. ಪ್ರತಿ ತುದಿಯಲ್ಲೂ ಒಂದು ಬಾಯಿ. ಬಾಯಿಯ ಸುತ್ತ ಮೆತ್ತನೆಯ ಹಸಿರು ಬೆರಳುಗಳು, ಪ್ರತಿ ಬೆರಳ ತುದಿಯಲ್ಲೂ ಒಂದು ಹೊಂಬಣ್ಣದ ಚುಕ್ಕೆ. ಮಧ್ಯಾಹ್ನದ ಹೊತ್ತಿಗೆ ಬೆರಳುಗಳು ಪೂರಾ ಬಿಚ್ಚಿಕೊಂಡು ಅಲೆಯಲ್ಲಿ ಬಳುಕತೊಡಗಿದವು. ಗಾಳಿಗೆ ಪಂಜಿನ ಉರಿ ಬಳುಕುವುದಿಲ್ಲವೇ, ಹಾಗೆ. ಅದಕ್ಕೇ ಆ ಹವಳದ ಹೆಸರು ದೀವಟಿಗೆ.

"ಮನೆ ಬಂತು" ಎಂದಳು ಕಿತ್ತಳಕ್ಕ.

ಗಿಡ್ಡಣ್ಣ ಕೆಳಗಿನಿಂದ ಒಂದು ಸುತ್ತು ಹಾಕಿ ನೋಡಿ ಬಂದ. "ಇದು ಆ ಹೂವಲ್ಲ ಅನ್ನಿಸುತ್ತೆ ಕಣೇ. ಕೆಳಗೆ ಕಲ್ಲಿದೆ."

"ಬೆರಳಿದೆ ತಾನೆ?"

"ಇದೆ."

"ಅಲೆಗೆ ತೂಗುತ್ತೆ ತಾನೆ?"

"ತೂಗುತ್ತೆ."

"ಹಾಗಾದರೆ ಮನೆ."

ಕಿತ್ತಳಕ್ಕ ನೇರವಾಗಿ ಹೋಗಿ ಬೆರಳುಗಳ ನಡುವೆ ಧುಮುಕಿದಳು. ಉರುಳಿದಳು, ಹೊರಳಿದಳು, ಬಾಲದಿಂದ ಬಡಿದಳು, ಮೂತಿಯಿಂದ ಉಜ್ಜಿದಳು. ಹೊಸ ಮನೆಗೆ ಬಂದವರು ಬಾಗಿಲು ಕಿಟಕಿ ಎಲ್ಲ ತೆಗೆದು ಹಾಕಿ ನೋಡುವಂತೆ. ಅವಳು ಇನ್ನೊಮ್ಮೆ ಹೊರಳುವಷ್ಟರಲ್ಲಿ ಬೆರಳುಗಳೆಲ್ಲ ಸರ್ರನೆ ಒಳಗೆ ಹೋಗಿ, ಮೂರು ಕಲ್ಲಿನ ತುದಿಗಳು ಮಾತ್ರ ಉಳಿದವು.

ನಾಚಿಕೆ ಇರಬೇಕು, ಹೊಸ ಜಾಗವಲ್ಲವೇ ಎಂದುಕೊಂಡಳು ಕಿತ್ತಳಕ್ಕ. ಆ ದಿನವೆಲ್ಲ ಕಲ್ಲಿನ ಪಕ್ಕದಲ್ಲೇ ಕಾದಳು.

ಹವಳಗಳ ಮಾತಿಗೆ ಒಂದು ನಿಯಮವಿದೆ. ಬೆರಳು ಪೂರಾ ಬಿಚ್ಚಿದಾಗ ಮಾತ್ರ ಅವು ಮಾತಾಡಬಲ್ಲವು. ಬಿಚ್ಚುವುದಕ್ಕೆ ಬೆಳಗಿನ ಹೊತ್ತೆಲ್ಲ ಬೇಕು. ಮುದುಡುವುದಕ್ಕೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಮಾತೂ ನಿಧಾನ, ಒಂದೊಂದೇ ಪದ.

ಮರುದಿನ ದೀವಟಿಗೆ ನಿಧಾನವಾಗಿ ಬಿಚ್ಚಿಕೊಂಡಿತು. ಬಿಚ್ಚಿ, "ಅಕ್ಕಾ, ನೀನು" ಎಂದಿತು.

"ಬಂದೆ" ಎಂದು ಕಿತ್ತಳಕ್ಕ ಧುಮುಕಿದಳು. ದೀವಟಿಗೆ ಮುದುಡಿತು.

ಅದರ ಮರುದಿನವೂ ಹಾಗೆಯೇ. ಆಮೇಲೊಂದು ದಿನ ಕಿತ್ತಳಕ್ಕ ಊಟದ ಕಡೆ ಒಂದು ಕ್ಷಣ ತಿರುಗಿದ್ದಳು; ಆ ಸಂದಿನಲ್ಲಿ "ಅಕ್ಕಾ, ನೀನು ನನ್ನ" ಎನ್ನುವ ತನಕ ಮಾತು ಮುಂದುವರಿಯಿತು. ಅಷ್ಟರಲ್ಲಿ ಅವಳು ತಿರುಗಿ ಬಂದಳು. ಮಾತು ಅಲ್ಲೇ ನಿಂತಿತು.

ಆ ಅರ್ಧ ಮಾತು ತೊಟ್ಟಿಯಲ್ಲಿ ದೊಡ್ಡ ಚರ್ಚೆಯಾಯಿತು.

"ನೀನು ನನ್ನ ಜೀವ ಅನ್ನೋಕೆ ಹೊರಟಿದೆ, ಪಾಪ" ಎಂದಳು ಕಿತ್ತಳಕ್ಕ.

"ನೀನು ನನ್ನ ಬಿಡು ಅಂತಲೂ ಇರಬಹುದಲ್ಲಮ್ಮ" ಎಂದ ಬಸವಜ್ಜ, ಗಾಜಿನ ಮೇಲಿನಿಂದ.

"ಅಜ್ಜನಿಗೆ ಯಾರನ್ನು ಕಂಡರೂ ಬಿಡು ಅನ್ನೋದೇ ಅಭ್ಯಾಸ. ಪಾಚಿಯನ್ನು ಬಿಟ್ಟು" ಎಂದು ಕಿತ್ತಳಕ್ಕ ಮುಖ ತಿರುಗಿಸಿದಳು.

ಆಗ ಪೊಟರೆಯಿಂದ ಮೀಸೆರಾಯ ಹೊರಬಂದ. ಎರಡು ಮೀಸೆಗಳನ್ನೂ ನೀವಿಕೊಂಡ. ಅವನ ಕಣ್ಣು ದೀವಟಿಗೆಯ ಮೇಲಿರಲಿಲ್ಲ. ಮೇಲಿನ ಕೈ ಆಗತಾನೇ ಉದುರಿಸಿದ್ದ ಊಟದ ಮೇಲಿತ್ತು.

"ನಾನು ಸಮುದ್ರದಲ್ಲಿ ಹುಟ್ಟಿದವನು" ಎಂದ. "ಇಂಥ ಹವಳಗಳ ಕೇರಿಯಲ್ಲೇ ಬೆಳೆದವನು. ಅದು ಹೇಳೋದು, 'ಅಕ್ಕಾ, ನೀನು ನನ್ನ ಹೊಟ್ಟೆ ನೋಡು' ಅಂತ. ಹಸಿವು. ಹಸಿದ ಹವಳ ಮುದುಡುತ್ತೆ. ಉಣಿಸಿದರೆ ಬಿಚ್ಚುತ್ತೆ."

ಮಾತು ಸರಿಯಾಗಿಯೇ ಇತ್ತು, ಒಂದು ಕಡೆ ಬಿಟ್ಟು. ಆ ಜಾತಿಯ ಹವಳಕ್ಕೆ ದೊಡ್ಡ ಬಾಯಿ. ಸೀಗಡಿಯ ಚೂರನ್ನೂ ಮೀನಿನ ಚೂರನ್ನೂ ಅದು ನುಂಗಬಲ್ಲದು. ಆದರೆ ಮುದುಡಿದ ಹವಳದ ಮೇಲೆ ಇಟ್ಟ ತುತ್ತು ಕಲ್ಲಿನ ಮೇಲೆ ಇಟ್ಟಂತೆ. ಇದು ಮೀಸೆರಾಯನಿಗೆ ಚೆನ್ನಾಗಿ ಗೊತ್ತಿತ್ತು.

ಕಿತ್ತಳಕ್ಕನಿಗೆ ಮಾಡಲು ಒಂದು ಕೆಲಸ ಸಿಕ್ಕಿತು. ಇನ್ನು ಅವಳನ್ನು ತಡೆಯುವವರು ಯಾರು? ಸಂಜೆ ಊಟ ಉದುರಿದಾಗ ತನ್ನ ಪಾಲಿನ ದೊಡ್ಡ ಚೂರನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ದೀವಟಿಗೆಯ ಮೇಲೆ ಇಡುತ್ತಿದ್ದಳು. ಗಿಡ್ಡಣ್ಣನ ಪಾಲಿನಿಂದಲೂ ಅರ್ಧ. ಇಟ್ಟ ಮೇಲೆ ಮೂತಿಯಿಂದ ಒತ್ತಿ ಒತ್ತಿ ಒಳಗೆ ಸೇರಿಸಲು ನೋಡುತ್ತಿದ್ದಳು. ದೀವಟಿಗೆ ಇನ್ನಷ್ಟು ಬಿಗಿಯಾಗಿ ಮುದುಡುತ್ತಿತ್ತು.

"ನಿನ್ನ ಬಾಯಿ ದೊಡ್ಡದು ಅಕ್ಕಾ, ಅದಕ್ಕೆ ಹೆದರುತ್ತೆ" ಎಂದ ಮೀಸೆರಾಯ. "ನೀನು ಇಟ್ಟು ಹೋಗು. ನಂದು ಹಲ್ಲು ಉಜ್ಜುವ ಕೈ, ನಾಜೂಕು. ನಾನು ಉಣಿಸ್ತೀನಿ."

ಕಿತ್ತಳಕ್ಕ ಇಟ್ಟು ಹೋದಳು. ನೀಲಿ ಬೆಳಕಿನಲ್ಲಿ ಮೀಸೆರಾಯ ದೀವಟಿಗೆಯ ಮೇಲೆ ಬಾಗಿ ಕೆಲಸ ಮಾಡುವುದು ದೂರದಿಂದ ಕಾಣುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ನೋಡಿದರೆ ತುತ್ತು ಇರುತ್ತಿರಲಿಲ್ಲ. ಎಂಥ ಉಪಕಾರಿ ಎಂದು ಅವಳು ಗಂಡನ ಮುಂದೆ ಹೊಗಳಿದಳು. ಗಿಡ್ಡಣ್ಣ ಹೂಂ ಎಂದ. ಅವನ ಹೊಟ್ಟೆ ಚುರುಗುಟ್ಟುತ್ತಿತ್ತು.

ಇಷ್ಟಾದರೂ ದೀವಟಿಗೆ ಸೊರಗುತ್ತಲೇ ಹೋಯಿತು. ಕಾಂಡದ ಅಂಚಿನಿಂದ ಮಾಂಸ ಮೇಲೆ ಸರಿದು, ಕೆಳಗೆ ಬಿಳಿ ಕಲ್ಲು ಕಾಣತೊಡಗಿತು. ಮೇಲಿನ ಕೈಗೂ ಚಿಂತೆ ಹತ್ತಿತು. ಒಂದು ದಿನ ಹವಳವನ್ನು ಎತ್ತಿ ದೀಪಕ್ಕೆ ಹತ್ತಿರ ಇಟ್ಟಿತು. ಇನ್ನೊಂದು ದಿನ ಕೆಳಗೆ ಮರಳಿನ ಮೇಲೆ. ಮತ್ತೊಂದು ದಿನ ಅಲೆಯ ದಾರಿಯಲ್ಲಿ. ಆಮೇಲೆ ತಿರುಗಿ ನಡುಮಟ್ಟಕ್ಕೆ. ಎಲ್ಲಿಟ್ಟರೂ ಕಿತ್ತಳಕ್ಕ ಹಿಂದೆಯೇ ಹೋದಳು. ಎಲ್ಲಿಟ್ಟರೂ ಹವಳ ಮುದುಡಿಯೇ ಇತ್ತು.

ಒಂದು ಬೆಳಿಗ್ಗೆ ಮೂರರಲ್ಲಿ ಒಂದು ತುದಿ ಕಂದಾಗಿ, ಲೋಳೆಯಾಗಿ ಜೋಲುತ್ತಿತ್ತು. ಮೇಲಿನ ಕೈ ಇಕ್ಕಳ ತಂದು ಆ ತುದಿಯನ್ನು ಮುರಿದು ತೆಗೆದುಕೊಂಡು ಹೋಯಿತು. ಗಾಜಿನಾಚೆ ಆ ದನಿ ತನ್ನ ಅಮ್ಮನೊಂದಿಗೆ ಮಾತಾಡಿತು. ನೀರಿನ ಉಪ್ಪು ಸರಿಯಿದೆ, ಸುಣ್ಣದ ಅಂಶ ಸರಿಯಿದೆ, ಬಿಸಿ ಸರಿಯಿದೆ, ಬೆಳಕೂ ಸರಿಯಿದೆ, ಎಲ್ಲವನ್ನೂ ಅಳೆದು ನೋಡಿದ್ದೇನೆ ಎಂದಿತು. ಆಮೇಲೆ ಹೇಳಿದ ಮಾತನ್ನು ಕಿತ್ತಳಕ್ಕ ಗಾಜಿಗೆ ಒತ್ತಿಕೊಂಡು ಕೇಳಿದಳು.

"ಭಾನುವಾರದವರೆಗೆ ನೋಡ್ತೀನಮ್ಮ. ಆಮೇಲೆ ತೆಗೆದುಹಾಕೋದೇ. ಕೊಳೆತರೆ ಇಡೀ ತೊಟ್ಟಿ ಕೆಡುತ್ತೆ, ಮೀನೂ ಉಳಿಯಲ್ಲ."

ಆ ದಿನ ಗುರುವಾರ.

ಕಿತ್ತಳಕ್ಕ ನೇರವಾಗಿ ಪೊಟರೆಯ ಬಾಗಿಲಿಗೆ ಹೋಗಿ ಮೀಸೆರಾಯನನ್ನು ಕರೆದಳು. ಭಾನುವಾರದೊಳಗೆ ದೀವಟಿಗೆ ಬಿಚ್ಚಬೇಕು, ಏನು ಮಾಡಲಿ ಎಂದು ಕೇಳಿದಳು. ಇನ್ನೂ ಹೆಚ್ಚಿಗೆ ಊಟ ಕೊಡು ಎಂದು ಒಳಗಿನಿಂದ ಉತ್ತರ ಬಂತು. ಆ ಸಂಜೆ ಕಿತ್ತಳಕ್ಕ ತನ್ನ ಪಾಲನ್ನು ಪೂರಾ ಕೊಟ್ಟಳು. ಉಪವಾಸ ಮಲಗಿದಳು.

ಶುಕ್ರವಾರ ದೀಪ ಹೊತ್ತಿಕೊಂಡಾಗ ದೀವಟಿಗೆಯ ಎದುರಿಗೆ, ಮರಳಿನ ಮೇಲೆ, ಮೀಸೆರಾಯ ಬಿದ್ದಿದ್ದ. ಕೆಂಪು ಬೆನ್ನು, ಬಿಳಿ ಗೆರೆ, ಎರಡು ಮೀಸೆ ಎಲ್ಲವೂ ಇದ್ದವು. ಅಲುಗಾಟವಿರಲಿಲ್ಲ. ಕಿತ್ತಳಕ್ಕ ಮೂತಿಯಿಂದ ಮುಟ್ಟಿದಳು. ಒಳಗೆ ಟೊಳ್ಳು.

"ಹೋಗಿಬಿಟ್ಟನಾ?" ಎಂದ ಗಿಡ್ಡಣ್ಣ, ದನಿ ತಗ್ಗಿಸಿ.

"ಯಾರೂ ಹೋಗಿಲ್ಲ" ಎಂದು ಪೊಟರೆಯ ಆಳದಿಂದ ಮೀಸೆರಾಯನ ದನಿ ಬಂತು. "ಅಂಗಿ ಬದಲಿಸಿದ್ದೀನಿ, ಅಷ್ಟೆ. ಹಳೇದು ಬಿಗಿಯಾಗಿತ್ತು. ಹೊಸದು ಇನ್ನೂ ಹಸಿ, ಮೈಯೆಲ್ಲ ಮೆತ್ತಗಿದೆ. ಗಟ್ಟಿಯಾಗುವವರೆಗೆ ಹೊರಗೆ ಬರಲ್ಲ. ನನ್ನ ಪಾಲನ್ನು ಇಲ್ಲಿಗೇ ತಂದುಕೊಡಿ."

ಬಸವಜ್ಜ ಗಾಜಿನಿಂದ ಇಳಿದು, ಮರಳನ್ನು ದಾಟಿ, ಆ ಖಾಲಿ ಅಂಗಿಯ ಬಳಿ ಬರುವಷ್ಟರಲ್ಲಿ ಬೆಳಗು ಕಳೆದಿತ್ತು. ಬಂದವನು ಅದನ್ನು ಒಂದು ಸುತ್ತು ಹಾಕಿದ.

"ಹೋದ ಸಲ ಇವನು ಅಂಗಿ ಬಿಟ್ಟು ಬಹಳ ದಿನವೇನೂ ಆಗಿಲ್ಲ" ಎಂದ. "ಸೀಗಡಿಗೆ ಮೈ ಬೆಳೆದರೆ ಅಂಗಿ ಬಿಗಿಯಾಗುತ್ತೆ. ಹೊಟ್ಟೆ ತುಂಬಿದರೆ ಮೈ ಬೆಳೆಯುತ್ತೆ. ಕೈ ಉದುರಿಸೋದು ಅದೇ ಚಿಟಿಕೆ. ನೀನು ಸೊರಗಿದ್ದೀಯ, ನಿನ್ನ ಗಂಡ ಸೊರಗಿದ್ದಾನೆ, ಆ ಹವಳ ಸೊರಗಿದೆ. ಇವನೊಬ್ಬ ಹೇಗೆ ಬೆಳೆದ?"

ಕಿತ್ತಳಕ್ಕ ಖಾಲಿ ಅಂಗಿಯನ್ನು ನೋಡಿದಳು. ದೀವಟಿಗೆಯ ಬೋಳು ಕಲ್ಲನ್ನು ನೋಡಿದಳು. ಇಷ್ಟು ದಿನ ತಾನು ಇಟ್ಟುಬಂದ ತುತ್ತುಗಳು ಯಾವ ಹೊಟ್ಟೆಗೆ ಹೋದವೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೊದಲು ಅವಳಿಗೆ ಮೀಸೆರಾಯನ ಮೇಲೆ ಸಿಟ್ಟು ಬಂತು. ಪೊಟರೆಯ ಕಡೆ ನುಗ್ಗಿದಳು ಕೂಡ. ಅರ್ಧ ದಾರಿಯಲ್ಲಿ ನಿಂತಳು. ಅವನು ಕದ್ದದ್ದು ನಿಜ. ಆದರೆ ದೀವಟಿಗೆ ಮುದುಡಿದ್ದು ಅವನು ಕೈ ಹಾಕುವುದಕ್ಕೆ ಮುಂಚೆಯೇ. ಮೊದಲ ದಿನ, ಮೊದಲ ಸಲ ಅದು ಮುದುಡಿದಾಗ ಅಲ್ಲಿದ್ದವಳು ತಾನೊಬ್ಬಳೇ.

"ಅಜ್ಜ" ಎಂದಳು. "ಅದು ಏನು ಹೇಳೋಕೆ ಹೊರಟಿತ್ತು?"

"ನನ್ನನ್ನು ಕೇಳಿದರೆ ನಾನೂ ಮೀಸೆರಾಯನ ಹಾಗೆ ಏನೋ ಒಂದು ಹೇಳಬೇಕಾಗುತ್ತೆ. ಅದನ್ನೇ ಕೇಳು."

"ಬಿಚ್ಚಿದರಲ್ಲವೇ ಕೇಳೋದು?"

"ಬಿಚ್ಚೋಕೆ ಬಿಟ್ಟರಲ್ಲವೇ ಬಿಚ್ಚೋದು?" ಎಂದು ಬಸವಜ್ಜ ಗಾಜಿನ ಕಡೆ ಹೊರಟ. ಹೋಗುತ್ತಾ, ನೀನು ಚಿಪ್ಪು ನೂಕಿದ್ದನ್ನು ನೋಡಿದ್ದೇನೆ, ಸುಮ್ಮನಿದ್ದದ್ದನ್ನು ಒಂದು ಸಲವೂ ನೋಡಿಲ್ಲ ಎಂದು ಗೊಣಗಿದ.

ಆ ಮಾತು ಕಿತ್ತಳಕ್ಕನಿಗೆ ನಾಟಿತು. ಅವಳು ಬಿಸಿ ಕೊಳವೆಯ ಹಿಂದಕ್ಕೆ ಹೋದಳು. ತೊಟ್ಟಿಯಲ್ಲಿ ದೀವಟಿಗೆಯಿಂದ ಅದಕ್ಕಿಂತ ದೂರದ ಜಾಗ ಇರಲಿಲ್ಲ.

"ಇನ್ನು ನಾನು ಇಲ್ಲಿಂದ ಅಲುಗಲ್ಲ" ಎಂದಳು ಗಂಡನಿಗೆ. "ಅಲುಗಿದರೆ ಕಚ್ಚಿ ಎಳೆ."

"ನಾನಾ? ನಿನ್ನನ್ನಾ?" ಎಂದ ಗಿಡ್ಡಣ್ಣ.

"ಹೂಂ. ಇವತ್ತು ನೀನು ಹೇಳೋದು, ನಾನು ಕೇಳೋದು."

ಮಕ್ಕಳೇ, ಚಿಪ್ಪು ನೂಕುವುದು ಸುಲಭ. ಸುಮ್ಮನಿರುವುದು ಕಷ್ಟ. ಕೋಡಂಗಿ ಮೀನಿನ ರೆಕ್ಕೆ ತಾನಾಗಿಯೇ ಬಡಿಯುತ್ತದೆ, ಮೈ ತಾನಾಗಿಯೇ ತೊನೆಯುತ್ತದೆ. ದೀವಟಿಗೆಯ ಒಂದು ಬೆರಳ ತುದಿ ಕಲ್ಲಿನಿಂದ ಹೊರಗೆ ಇಣುಕಿದಾಗ ಕಿತ್ತಳಕ್ಕನ ಇಡೀ ಮೈ ಆ ಕಡೆ ಎಳೆಯಿತು. ಗಿಡ್ಡಣ್ಣ ಬಾಲ ಕಚ್ಚಿದ. ಅವಳು ಹಿಂದೆ ಸರಿದಳು. ಎರಡನೆಯ ಬೆರಳು ಬಂದಾಗ ಗಿಡ್ಡಣ್ಣ ಕಚ್ಚಬೇಕಾಗಲಿಲ್ಲ; ಅವಳು ಕೊಳವೆಗೆ ತಾನೇ ಒರಗಿ ನಿಂತಳು. ಮೈ ಸುಟ್ಟಿತು. ಸುಡಲಿ ಎಂದುಕೊಂಡಳು. ಚಿಪ್ಪನ್ನು ನೂಕಿದ ಹಟವನ್ನೆಲ್ಲ ಒಟ್ಟುಮಾಡಿ ತನ್ನನ್ನೇ ಹಿಂದಕ್ಕೆ ನೂಕಿಕೊಂಡಳು.

ಉಳಿದ ಹಗಲು ಪೂರ್ತಿ ಹಾಗೆ ನಿಂತಳು. ಬೆರಳುಗಳು ಅರ್ಧ ಬಂದವು, ಅಷ್ಟೇ. ಸಂಜೆ ಮೇಲಿನ ಕೈ ಊಟ ಉದುರಿಸಿತು. ಒಂದು ಚೂರು ಅಲೆಯಲ್ಲಿ ತೇಲಿ ದೀವಟಿಗೆಯ ಪಕ್ಕದಲ್ಲಿ ಬಿತ್ತು. ಅದನ್ನು ಎತ್ತಿ ಇಟ್ಟುಬರಲು ಕಿತ್ತಳಕ್ಕನ ಬಾಯಿ ತುಡಿಯಿತು. ಅವಳು ಹೋಗಲಿಲ್ಲ.

ಶನಿವಾರ ಮಧ್ಯಾಹ್ನ ದೀವಟಿಗೆ ಪೂರಾ ಬಿಚ್ಚಿತು. ಉಳಿದಿದ್ದ ಎರಡು ತುದಿಗಳಲ್ಲೂ ಹಸಿರು ಬೆರಳುಗಳು ಅಲೆಗೆ ಬಳುಕಿದವು. ಹಸಿವಿಗೆ ಬಣ್ಣ ಸ್ವಲ್ಪ ಮಾಸಿತ್ತು. ಅದು ಸುತ್ತ ಒಮ್ಮೆ ನೋಡಿ, ನಿಧಾನವಾಗಿ ಹೇಳಿತು.

"ಅಕ್ಕಾ, ನೀನು ನನ್ನ..."

ಕಿತ್ತಳಕ್ಕ ಕೊಳವೆಯನ್ನು ಒತ್ತಿಕೊಂಡಳು.

"...ಬಾಯಿ ಮುಚ್ಚಿಸುತ್ತಿದ್ದೀಯ."

ದೀವಟಿಗೆಗೆ ಹೇಳುವುದು ಇನ್ನೂ ಇತ್ತು. ಮಾತಿಗೆ ಇಷ್ಟು ಪುರುಸೊತ್ತು ಅದಕ್ಕೆ ಸಿಕ್ಕಿದ್ದು ಇದೇ ಮೊದಲು.

ನೀನು ಕೆಟ್ಟವಳಲ್ಲ ಎಂದು ಮೊದಲು ಹೇಳಿತು. ಆಮೇಲೆ ತನ್ನ ಕತೆ ಹೇಳಿತು. ನನ್ನ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿಯ ಮಂದಿ ಇದ್ದಾರೆ; ಹಗಲು ಬೆಳಕು ಬಿದ್ದಷ್ಟು ಹೊತ್ತು ಅವರು ಅಡುಗೆ ಮಾಡುತ್ತಾರೆ, ಅದರಲ್ಲಿ ನನಗೂ ಪಾಲು ಕೊಡುತ್ತಾರೆ. ನಾನು ಮುದುಡಿದರೆ ಅವರ ಒಲೆ ಆರುತ್ತದೆ. ಸಂಜೆ ಸಿಕ್ಕ ತುತ್ತನ್ನು ಬೆರಳಿನಿಂದ ಹಿಡಿದು, ಬಾಯಿಗೆ ತಂದು, ನುಂಗುವುದಕ್ಕೆ ನನಗೆ ಬಹಳ ಹೊತ್ತು ಬೇಕು. ನೀನು ಮೈಮೇಲೆ ಹೊರಳಿದರೆ ನಾನು ಬೆರಳು ಎಳೆದುಕೊಳ್ಳಲೇಬೇಕು. ನನ್ನ ಜಾತಿಯ ಗುಣ ಅದು, ನನ್ನ ಕೈಯಲ್ಲಿಲ್ಲ. ಹಗಲಿನ ಊಟ ಹೋಯಿತು, ಸಂಜೆಯ ಊಟ ಹೊರಗೇ ಉಳಿಯಿತು. ಹೊರಗೆ ಉಳಿದದ್ದನ್ನು ರಾಯರು ಎತ್ತಿಕೊಂಡರು.

ಕಿತ್ತಳಕ್ಕ ಕೊಳವೆಯ ಹಿಂದಿನಿಂದಲೇ ಕೇಳಿದಳು. "ಈಗ ನಾನು ಏನು ಮಾಡಲಿ?"

"ಏನೂ ಮಾಡಬೇಡ" ಎಂದಿತು ದೀವಟಿಗೆ. "ನಾನೇ ಕರೆಯುವವರೆಗೆ."

"ಆಯಿತು" ಎಂದಳು ಕಿತ್ತಳಕ್ಕ.

ಸಂಜೆಯಾಯಿತು. ದೀಪ ನೀಲಿಗೆ ತಿರುಗಿತು. ಮೇಲಿನ ಕೈ ಊಟ ಉದುರಿಸಿತು. ಒಂದು ದಪ್ಪ ಚೂರು ತೇಲಿ ಬಂದು ದೀವಟಿಗೆಯ ಬೆರಳುಗಳಿಗೆ ತಗುಲಿತು. ಬೆರಳುಗಳು ಅದನ್ನು ಹಿಡಿದವು. ಒಂದರಿಂದ ಒಂದಕ್ಕೆ ದಾಟಿಸುತ್ತಾ ಬಾಯಿಯ ಕಡೆ ಒಯ್ಯತೊಡಗಿದವು.

ವಾಸನೆ ಪೊಟರೆಗೂ ಹೋಯಿತು. ಮೀಸೆರಾಯ ಎರಡು ಹೊತ್ತಿನಿಂದ ಉಪವಾಸ. ಅವನ ಪಾಲನ್ನು ಯಾರೂ ಒಯ್ದುಕೊಟ್ಟಿರಲಿಲ್ಲ. ಅಂಗಿ ಇನ್ನೂ ಗಟ್ಟಿಯಾಗಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಆದರೆ ದಿನವೂ ಕೈ ಹಾಕಿದ ಬಾಯಿ, ದಿನವೂ ಎತ್ತಿಕೊಂಡ ತುತ್ತು. ಇವತ್ತೊಂದು ದಿನ ಏನಾದೀತು ಎಂದುಕೊಂಡು ಅವನು ಮೆಲ್ಲಗೆ ಹೊರಬಂದ. ಬಂಡೆಯ ನೆರಳಲ್ಲೇ ನಡೆದು ದೀವಟಿಗೆಯ ಬುಡಕ್ಕೆ ಬಂದ.

ಅವನನ್ನು ಕಂಡು ಗಿಡ್ಡಣ್ಣನೇ ಮುಂದೆ ನುಗ್ಗಿದ. ಈಗ ಅವನ ಬಾಲ ಕಚ್ಚಿ ಹಿಡಿದವಳು ಕಿತ್ತಳಕ್ಕ.

"ಓಡಿಸಲ್ವಾ?" ಎಂದ ಗಿಡ್ಡಣ್ಣ.

"ಇಲ್ಲ."

"ಕದೀತಿದ್ದಾನೆ ಕಣೇ."

"ನಾವು ಹೋದರೆ ಅದು ಮುದುಡುತ್ತೆ. ಮುದುಡಿದರೆ ತುತ್ತು ಹೋಗುತ್ತೆ. ನಾಳೆ ಭಾನುವಾರ."

ಅವಳ ಮೈ ಅಲುಗಲಿಲ್ಲ.

ಮೀಸೆರಾಯ ಎರಡೂ ಕೈಗಳನ್ನು ಬೆರಳುಗಳ ನಡುವೆ ತೂರಿಸಿ ಬಾಯಿಗೆ ಹಾಕಿದ. ಹಿಂದೆಲ್ಲ ಅವನು ಕೈ ಹಾಕಿದ್ದು ಮುದುಡಿದ ಹವಳಕ್ಕೆ, ಗಟ್ಟಿ ಅಂಗಿ ತೊಟ್ಟು. ಈಗ ಹವಳ ಬಿಚ್ಚಿತ್ತು, ಅಂಗಿ ಹಸಿಯಿತ್ತು. ಬಿಚ್ಚಿದ ದೀವಟಿಗೆಯ ಬೆರಳ ತುಂಬ ಕಣ್ಣಿಗೆ ಕಾಣದ ಮುಳ್ಳುಗಳು. ಕೋಡಂಗಿ ಮೀನಿನ ಮೈಯ ಲೋಳೆಗೆ ಅವು ನಾಟುವುದಿಲ್ಲ; ಸೀಗಡಿಯ ಹಸಿ ಅಂಗಿಗೆ ಏಕಕಾಲಕ್ಕೆ ಚುಚ್ಚಿದವು. ಮೀಸೆರಾಯ ಹಿಂದಕ್ಕೆ ಚಿಮ್ಮಿದ. ಒಂದು ಮೀಸೆ ಬೆರಳುಗಳಿಗೆ ಅಂಟಿಕೊಂಡಿತು. ಜಗ್ಗಿದ, ಅದು ಬುಡದಲ್ಲೇ ಕಿತ್ತುಬಂತು. ಉರಿಯುವ ಕೈಗಳನ್ನು ಎದೆಗೆ ಒತ್ತಿಕೊಂಡು ಮರಳಿನ ಮೇಲೆ ಅಡ್ಡಡ್ಡ ಓಡಿ ಪೊಟರೆ ಸೇರಿದ.

ಸ್ವಲ್ಪ ಹೊತ್ತು ಕಳೆದು ಬಸವಜ್ಜ ಗಾಜಿನ ಮೇಲಿನಿಂದ ಕೇಳಿದ. "ರಾಯರೇ, ಸಮುದ್ರದಲ್ಲಿ ಇದಕ್ಕೇನು ಮದ್ದು?"

ಪೊಟರೆಯ ಬಾಯಲ್ಲಿ ಕಾಣುತ್ತಿದ್ದ ಒಂಟಿ ಮೀಸೆಯೂ ಒಳಗೆ ಸರಿಯಿತು.

ದೀವಟಿಗೆ ತುತ್ತನ್ನು ಬಾಯಿಗೆ ತಂದುಕೊಂಡಿತು. ನೀಲಿ ದೀಪ ಆರುವ ಹೊತ್ತಿಗೆ ನುಂಗಿ ಮುಗಿಸಿತ್ತು.

ಭಾನುವಾರ ಮೇಲಿನ ಕೈ ಒಂದು ಸ್ಟೀಲಿನ ಬಟ್ಟಲು ಹಿಡಿದು ಬಂತು. ನೀರಿಗೆ ಇಳಿಯಿತು. ಬೆರಳುಗಳು ದೀವಟಿಗೆಯ ಕಾಂಡದ ಹತ್ತಿರ ಬಂದವು. ಕಿತ್ತಳಕ್ಕ ಕೊಳವೆಯ ಹಿಂದಿನಿಂದ ಇಣುಕಿದಳು. ಈ ಕೈ ಮುಟ್ಟಿದರೂ ದೀವಟಿಗೆ ಮುದುಡುವುದೇ. ಮುದುಡಿದರೆ ಸತ್ತಿದೆ ಎಂದುಕೊಂಡು ತೆಗೆಯುವುದೇ. ಓಡಿಹೋಗಿ ಆ ಕೈಯನ್ನು ಕಚ್ಚಬಹುದಿತ್ತು. ಅವಳು ಹಿಂದೆ ಎಷ್ಟೋ ಸಲ ಕಚ್ಚಿದ್ದಳು. ಆದರೆ ಏನೂ ಮಾಡಬೇಡ ಎಂದು ದೀವಟಿಗೆ ಹೇಳಿತ್ತು, ಆಯಿತು ಎಂದು ತಾನು ಒಪ್ಪಿದ್ದಳು. ನಿಂತಲ್ಲೇ ನಿಂತಳು.

ಅಲೆ ಬಂತು. ಹಸಿರು ಬೆರಳುಗಳು ಒಂದು ಕಡೆಯಿಂದ ಇನ್ನೊಂದು ಕಡೆಗೆ ಬಳುಕಿದವು.

ಕೈ ನಿಂತಿತು. ಬಹಳ ಹೊತ್ತು ನೀರಿನಲ್ಲಿ ಹಾಗೆಯೇ ಇತ್ತು. ಆಮೇಲೆ ಏನನ್ನೂ ಮುಟ್ಟದೆ ಮೇಲಕ್ಕೆ ಹೋಯಿತು. ಗಾಜಿನಾಚೆಯಿಂದ ದನಿ ಕೇಳಿಸಿತು.

"ಅಮ್ಮ, ಬಂದು ನೋಡು. ಬಿಚ್ಚಿದೆ. ಸುಮ್ಮಸುಮ್ಮನೆ ಜಾಗ ಬದಲಿಸಿ ನಾನೇ ಕಾಟ ಕೊಟ್ಟೆ ಅನ್ಸುತ್ತೆ. ಇನ್ನು ಇದನ್ನು ಅಲ್ಲಾಡಿಸಲ್ಲ."

ಆ ಮೇಲೆ ದೀವಟಿಗೆ ದಿನವೂ ಬಿಚ್ಚಿತು. ಹಗಲು ಬೆಳಕು ಉಂಡಿತು, ಸಂಜೆ ತುತ್ತು ಉಂಡಿತು. ಬೋಳಾಗಿದ್ದ ಕಲ್ಲಿನ ಅಂಚಿಗೆ ಮಾಂಸ ತಿರುಗಿ ಇಳಿಯಿತು. ಕಿತ್ತಳಕ್ಕ ಕೊಳವೆಯ ಪಕ್ಕದಲ್ಲೇ ಮಲಗಿದಳು. ಒಮ್ಮೊಮ್ಮೆ ಮೈ ತುಡಿಯುತ್ತಿತ್ತು. ಆಗ ತೊಟ್ಟಿಯ ಆ ತುದಿಯಿಂದ ಈ ತುದಿಗೆ ಈಜಿ ದಣಿದು ಬರುತ್ತಿದ್ದಳು. ಮೀಸೆರಾಯನ ಅಂಗಡಿ ಮತ್ತೆ ತೆರೆಯಿತು. ಅವನು ಹಲ್ಲು ಉಜ್ಜುತ್ತಿದ್ದ, ತನ್ನ ಪಾಲು ತಿನ್ನುತ್ತಿದ್ದ. ಹುಟ್ಟಿದ ಊರಿನ ಮಾತು ಎತ್ತುತ್ತಿರಲಿಲ್ಲ.

ನವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ದೀವಟಿಗೆ ಕರೆಯಿತು. "ಅಕ್ಕಾ, ಬಾ. ನಿಧಾನಕ್ಕೆ."

ಕಿತ್ತಳಕ್ಕ ಹೋದಳು. ಅಂಚಿನ ಒಂದು ಬೆರಳಿಗೆ ಮೈ ತಾಗಿಸಿ ನಿಂತಳು. ಬೆರಳು ಒಳಗೆ ಹೋಗಲಿಲ್ಲ. ಇನ್ನೊಂದಕ್ಕೆ ತಾಗಿಸಿದಳು. ಅದೂ ಹೋಗಲಿಲ್ಲ. ಅಲೆ ಬಂದಾಗ ಹವಳ ತೂಗಿತು, ಅದರೊಂದಿಗೆ ಅವಳೂ ತೂಗಿದಳು. ಸಂಜೆ ಊಟ ಉದುರುವ ಹೊತ್ತಿಗೆ ತಾನಾಗಿಯೇ ಎದ್ದು ಬಂದಳು, ಅದು ಉಣ್ಣಲಿ ಎಂದು. ಅಂದಿನಿಂದ ಅದೇ ಪದ್ಧತಿಯಾಯಿತು. ದೀವಟಿಗೆ ಕರೆದಾಗ ಹೋಗುವುದು, ಉಣ್ಣುವ ಹೊತ್ತಿಗೆ ಬರುವುದು.

ಚೆನ್ನಾಗಿ ಉಂಡ ಹವಳ ಕವಲೊಡೆಯುತ್ತದೆ. ಈ ವರ್ಷದ ಯುಗಾದಿಯಂದು ಬಸವಜ್ಜ ಬಂಡೆ ಹತ್ತಿ, ಒಂದೊಂದರ ಮುಂದೂ ನಿಂತು, ದೀವಟಿಗೆಯ ಬಾಯಿಗಳನ್ನು ಎಣಿಸಿದ. ಐದು.

ನೀತಿ: ಒಬ್ಬರಿಗೆ ಒಳ್ಳೆಯದು ಮಾಡುವ ಹಟ ಹಿಡಿಯುವ ಮುಂಚೆ, ಅವರ ಮಾತನ್ನು ಕೊನೆಯವರೆಗೆ ಕೇಳುವ ಹಟ ಹಿಡಿಯಬೇಕು.